ಎಲ್ಲಿ ಇಳಿಯಬೇಕು? ಅಪ್ಪ-ಅಮ್ಮ, ಮಗಳ ಜೊತೆ ಸಿಕಂದರಾಬಾದಿನಿಂದ ಗೋವಾಕ್ಕೆ ರೈಲಿನಲ್ಲಿ



ಇವತ್ತು ಮಾತಾಡೋದು ಒಂದು ಸಣ್ಣ ತೀರ್ಮಾನದ ಬಗ್ಗೆ. ಹೈದರಾಬಾದಿನಲ್ಲಿ ಕೆಲಸ ಮಾಡುವ ನಮ್ಮಂಥವರು ಅಪ್ಪ-ಅಮ್ಮ, ಮಕ್ಕಳನ್ನೆಲ್ಲ ಕರ್ಕೊಂಡು ರೈಲಿನಲ್ಲಿ ಗೋವಾ ಕಡೆ ಹೊರಟರೆ ನಡುವೆ ಎಲ್ಲಿ ಇಳಿಯಬೇಕು? ಒಂದೇ ಓಟದಲ್ಲಿ ಹೋದ್ರೆ ಹತ್ತಿರ ಹತ್ತಿರ ಇಪ್ಪತ್ತು ಗಂಟೆ. ವಯಸ್ಸಾದವರಿಗೆ ಅದು ಕಷ್ಟ. ಅದೂ ಅಲ್ಲದೆ ಆ ದಾರಿಯಲ್ಲಿ ಆಲಂಪುರ, ಹಂಪಿ, ಲಕ್ಕುಂಡಿ, ದೂಧ್‌ಸಾಗರ್ ಎಲ್ಲ ಬರುತ್ತವೆ. ಸುಮ್ಮನೆ ಮಲಗಿಕೊಂಡು ದಾಟಿ ಹೋಗೋದು ಯಾಕೆ ಅಂತ ಯಾರಿಗಾದ್ರೂ ಅನ್ನಿಸುತ್ತೆ.

ಆಗ ನಾವೆಲ್ಲ ಮಾಡೋದೇನು? ಫೋಟೋ ನೋಡ್ತೀವಿ. ಯಾವುದರ ಫೋಟೋ ಚೆನ್ನಾಗಿದೆಯೋ ಅಲ್ಲಿ ಇಳಿಯೋಣ ಅಂತೀವಿ. ನನ್ನ ಅನುಭವದಲ್ಲಿ ನೋಡುವ ಜಾಗ ಬೇರೆ, ಇಳಿಯುವ ಜಾಗ ಬೇರೆ. ಕೆಲವು ಜಾಗಗಳನ್ನು ಕಿಟಕಿಯಿಂದಲೇ ನೋಡಬೇಕು. ಕೆಲವು ಕಡೆ ಇಳಿಯಲೇಬೇಕು. ಈ ವ್ಯತ್ಯಾಸ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ನಮ್ಮ ಮನೆಯ ಲೆಕ್ಕ ಮೊದಲು ಹೇಳ್ತೀನಿ, ಯಾಕಂದ್ರೆ ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ನಾವು ಐದು ಜನ. ಅಪ್ಪನಿಗೆ 73, ನಿವೃತ್ತ ವಿಜ್ಞಾನ ಮೇಷ್ಟ್ರು, ಮಂಡಿ ನೋವು. ಅಮ್ಮನಿಗೆ ಶುಗರ್, ಊಟ ಹೊತ್ತಿಗೆ ಸರಿಯಾಗಿ ಆಗಬೇಕು. ಮಗಳಿಗೆ ಏಳು ವರ್ಷ. ಹುಟ್ಟಿ ಬೆಳೆದದ್ದು ಇಲ್ಲೇ, ಗೆಳತಿಯರ ಜೊತೆ ತೆಲುಗು, ಸ್ಕೂಲಲ್ಲಿ ಇಂಗ್ಲಿಷ್. ಕನ್ನಡ ಅರ್ಥ ಆಗುತ್ತೆ, ಉತ್ತರ ಮಾತ್ರ ಬೇರೆ ಭಾಷೆಯಲ್ಲಿ ಬರುತ್ತೆ. ನಿಮ್ಮಲ್ಲಿ ಬಹಳ ಜನರ ಮನೆಯಲ್ಲೂ ಇದೇ ಕತೆ ಅಂತ ಗೊತ್ತು.

ಇನ್ನೊಂದು ವಿಷಯ ನಾವು ಬಾಯಿಬಿಟ್ಟು ಹೇಳೋದಿಲ್ಲ. ಅಪ್ಪ-ಅಮ್ಮ ಮೆಟ್ಟಿಲು ಹತ್ತಬಲ್ಲ ವರ್ಷಗಳು, ಮಗು ಅವರ ಕೈ ಹಿಡ್ಕೊಂಡು ನಡೆಯಲು ಒಪ್ಪುವ ವರ್ಷಗಳು, ಎರಡೂ ಒಟ್ಟಿಗೆ ಇರೋದು ಬಹಳ ಕಡಿಮೆ ಕಾಲ. ನಮ್ಮ ಮನೆಯಲ್ಲಿ ಇನ್ನು ನಾಲ್ಕೋ ಐದೋ ದಸರಾ ರಜೆ ಇರಬಹುದು. ಅದಕ್ಕೇ ಈ ಸಣ್ಣ ತೀರ್ಮಾನಕ್ಕೆ ಒಂದು ಸಂಜೆ ಕೂತು ಯೋಚಿಸಬೇಕು ಅನ್ನೋದು.

ಈಗ ರೈಲು. ಸಿಕಂದರಾಬಾದ್‌–ವಾಸ್ಕೋ ಡ ಗಾಮಾ ಎಕ್ಸ್‌ಪ್ರೆಸ್ 2024ರ ಅಕ್ಟೋಬರ್‌ನಲ್ಲಿ ಶುರುವಾಯ್ತು. ನಂಬರ್ 17039, ವಾಪಸ್ ಬರುವಾಗ 17040. ಕಾಚಿಗೂಡ, ಮಹಬೂಬ್‌ನಗರ, ಗದ್ವಾಲ, ಕರ್ನೂಲು, ಗುಂತಕಲ್ಲು, ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಧಾರವಾಡ, ಲೋಂಡಾ, ಕ್ಯಾಸಲ್‌ರಾಕ್, ಕುಳೆಂ, ಮಡಗಾಂವ್ ಮಾರ್ಗ. ಶುರುವಾದಾಗಿನ ವೇಳಾಪಟ್ಟಿಯಲ್ಲಿ ಬುಧವಾರ, ಶುಕ್ರವಾರ ಬೆಳಿಗ್ಗೆ 10.05ಕ್ಕೆ ಸಿಕಂದರಾಬಾದ್ ಬಿಟ್ಟು ಮಾರನೇ ದಿನ 5.45ಕ್ಕೆ ವಾಸ್ಕೋ ತಲುಪುತ್ತಿತ್ತು. ವಾಪಸ್ ಗುರುವಾರ, ಶನಿವಾರ ಬೆಳಿಗ್ಗೆ 9ಕ್ಕೆ ವಾಸ್ಕೋ ಬಿಟ್ಟು ಮಾರನೇ ಬೆಳಿಗ್ಗೆ 6.20ಕ್ಕೆ ಸಿಕಂದರಾಬಾದ್. ವೇಳೆ ಬದಲಾಗ್ತಾ ಇರುತ್ತೆ, ಬುಕ್ ಮಾಡುವ ಮುಂಚೆ ನೋಡ್ಕೊಳ್ಳಿ. ಲೆಕ್ಕ ಹಾಕುವ ರೀತಿ ಮಾತ್ರ ಬದಲಾಗಲ್ಲ.

ನಾನು ನಾಲ್ಕು ಪ್ರಶ್ನೆ ಇಟ್ಕೊಂಡಿದ್ದೆ.

ಒಂದು, ರೈಲು ಅಲ್ಲಿಗೆ ಯಾವ ಹೊತ್ತಿಗೆ ಬರುತ್ತೆ? ಬೆಳಕೋ, ಕತ್ತಲೋ, ಅಥವಾ ನಡುರಾತ್ರಿಯೋ?

ಎರಡು, ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ನಡೆಯಬಲ್ಲವರು ಎಷ್ಟು ಮೆಟ್ಟಿಲು ಹತ್ತಬೇಕಾಗುತ್ತೆ? ಪ್ಲಾಟ್‌ಫಾರ್ಮಿನಿಂದ ಹಾಸಿಗೆವರೆಗೆ ಎಷ್ಟು, ಗಾಡಿಯಿಂದ ಇಳಿದು ನೋಡುವ ಜಾಗದವರೆಗೆ ಎಷ್ಟು?

ಮೂರು, ಅಲ್ಲಿಂದ ಹೊರಡುವ ರೈಲು ಯಾವಾಗ?

ನಾಲ್ಕು, ಆ ಜಾಗವನ್ನು ಕಿಟಕಿಯಿಂದಲೋ, ಇನ್ನೊಂದು ವಾರಾಂತ್ಯದಲ್ಲೋ ನೋಡಬಹುದಾ? ಹೌದು ಅಂತಾದ್ರೆ ಈ ಸಲದ ಇಳಿಯುವಿಕೆ ಅದಕ್ಕೆ ಖರ್ಚು ಮಾಡಬಾರದು.

ದಾರಿಯಲ್ಲಿರುವ ಜಾಗಗಳಿಗೆ ಇದನ್ನು ಒಂದೊಂದಾಗಿ ಹಚ್ಚಿ ನೋಡೋಣ.

ಮೊದಲನೆಯದು ಆಲಂಪುರ. ಕರ್ನೂಲಿಗೆ ಸ್ವಲ್ಪ ಮುಂಚೆ ತುಂಗಭದ್ರೆಯ ದಡದಲ್ಲಿದೆ. ಅಲ್ಲಿನ ನವಬ್ರಹ್ಮ ದೇವಾಲಯಗಳನ್ನು ಕಟ್ಟಿಸಿದವರು ನಮ್ಮ ಬಾದಾಮಿ ಚಾಲುಕ್ಯರು. ಹೈದರಾಬಾದಿನ ಕನ್ನಡಿಗರು ಒಮ್ಮೆಯಾದರೂ ನೋಡಬೇಕಾದ ಜಾಗ. ರೈಲು ಹಗಲಲ್ಲೇ ದಾಟುತ್ತೆ, ಹೆಚ್ಚು ಹತ್ತೋದೂ ಇಲ್ಲ. ಆದರೆ ನಾಲ್ಕನೇ ಪ್ರಶ್ನೆಗೆ ಬಿದ್ದುಹೋಗುತ್ತೆ. ಬೆಂಗಳೂರು ಹೆದ್ದಾರಿಯಲ್ಲಿ ಕಾರಿನಲ್ಲಿ ಬೆಳಿಗ್ಗೆ ಬೇಗ ಹೊರಟರೆ ರಾತ್ರಿಗೆ ಮನೆಗೆ ಬರಬಹುದು. ಅದು ಇನ್ನೊಂದು ಭಾನುವಾರದ ಕೆಲಸ.

ಎರಡನೆಯದು ಗದಗ. ಸುಮಾರು 12 ಕಿಲೋಮೀಟರ್ ದೂರದಲ್ಲಿ ಲಕ್ಕುಂಡಿ ಇದೆ. ಅಲ್ಲಿನ ಬ್ರಹ್ಮ ಜಿನಾಲಯವನ್ನು ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದಳು. ಊರಲ್ಲೇ ವೀರನಾರಾಯಣ ಗುಡಿ, ಕುಮಾರವ್ಯಾಸ ಕೂತು ಬರೆದ ಅಂತ ಹೇಳುವ ಕಂಬ. ಅಪ್ಪನಿಗೆ ಇದೇ ಇಷ್ಟ ಆಗಿರೋದು. ಏಳು ವರ್ಷದ ಹುಡುಗಿಗೆ ಎರಡು ದಿನ ತುಂಬಿಸೋದು ಕಷ್ಟ. ಅಲ್ಲಿಂದ ಬಾದಾಮಿಗೆ ಹೋಗೋಣ ಅಂದ್ರೆ ಇನ್ನೊಂದು ಪ್ರಯಾಣ, ಗುಹೆಗಳಿಗೆ ಮೆಟ್ಟಿಲು ಬೇರೆ. ಬಾದಾಮಿಗೆ ಬೇರೆಯೇ ಒಂದು ಪ್ರವಾಸ ಇಟ್ಟುಕೊಳ್ಳೋದು ಒಳ್ಳೇದು.

ಮೂರನೆಯದು ಎಲ್ಲರೂ ಹೇಳುವ ದೂಧ್‌ಸಾಗರ್. ಲೋಂಡಾ, ಕ್ಯಾಸಲ್‌ರಾಕ್ ಅಥವಾ ಕುಳೆಂನಲ್ಲಿ ಇಳಿಯೋಣ ಅಂತ ಯೋಚನೆ ಬರುತ್ತೆ. ಹೋಗುವಾಗ ಈ ಸ್ಟೇಷನ್‌ಗಳು ಬರೋದು ನಡುರಾತ್ರಿಯಿಂದ ಬೆಳಗಿನ ಜಾವದ ಒಳಗೆ. ಸುತ್ತ ಕಾಡು. ಆ ಹೊತ್ತಿನಲ್ಲಿ ಮಂಡಿ ನೋವಿನವರನ್ನೂ, ಅರ್ಧ ನಿದ್ದೆಯ ಮಗುವನ್ನೂ, ಐದು ಬ್ಯಾಗನ್ನೂ ಇಳಿಸಿಕೊಂಡು ಗಾಡಿಗೆ ಕಾಯೋದು ಬೇಡ. ಕುಳೆಂನಿಂದ ಜಲಪಾತಕ್ಕೆ ಜೀಪ್ ಸಿಗುತ್ತೆ, ಮಳೆಗಾಲದಲ್ಲಿ ಅದು ಬಂದ್. ಜೀಪ್ ಇಳಿದ ಮೇಲೂ ಕಲ್ಲುಬಂಡೆಗಳ ಮೇಲೆ ನಡೆಯಬೇಕು. ಹಳಿ ಮೇಲೆ ನಡ್ಕೊಂಡು ಹೋಗೋಣ ಅನ್ನೋದಂತೂ ಮರೆತುಬಿಡಿ. 2023ರ ಜುಲೈನಲ್ಲಿ ನೈಋತ್ಯ ರೈಲ್ವೆ ಎಲ್ಲರಿಗೂ ಸ್ಪಷ್ಟವಾಗಿ ಹೇಳಿತು: ದೂಧ್‌ಸಾಗರವನ್ನು ಬೋಗಿಯೊಳಗಿಂದಲೇ ನೋಡಿ, ಹಳಿ ಮೇಲೆ ನಡೆಯೋದು ಅಪರಾಧ ಅಂತ.

ಆದರೆ ದೂಧ್‌ಸಾಗರವನ್ನು ಬಿಡೋದೂ ಬೇಡ. ಅದು ಕಿಟಕಿಯ ಜಾಗ. ಬರುವಾಗ ರೈಲು ಬೆಳಿಗ್ಗೆ ವಾಸ್ಕೋ ಬಿಟ್ಟರೆ ಘಾಟಿ ಹತ್ತೋದು ಪೂರ್ತಿ ಹಗಲಿನಲ್ಲಿ. ಹೋಗುವಾಗ ಕತ್ತಲಲ್ಲಿ ಕಳಕೊಂಡದ್ದು ಬರುವಾಗ ಟಿಕೆಟ್ಟಿನಲ್ಲೇ ಸೇರಿದೆ, ಒಂದು ರೂಪಾಯಿ ಹೆಚ್ಚು ಕೊಡಬೇಕಿಲ್ಲ. ಇದನ್ನು ವೇಳಾಪಟ್ಟಿ ನೋಡದೆ ಬರೀ ನಕ್ಷೆ ನೋಡಿದರೆ ತಿಳಿಯಲ್ಲ.

ನಾಲ್ಕನೆಯದು ಹೊಸಪೇಟೆ. ರೈಲು ಬರೋದು ರಾತ್ರಿ ಊಟದ ಹೊತ್ತಿಗೆ. ಕತ್ತಲೇ, ಆದರೆ ಊರು ಎಚ್ಚರ ಇರುವ ಕತ್ತಲು. ಈಗ ವಿಜಯನಗರ ಜಿಲ್ಲೆಯ ಕೇಂದ್ರ. ಆಟೋ, ಲಾಡ್ಜ್, ಮೆಡಿಕಲ್ ಶಾಪ್, ಆಸ್ಪತ್ರೆ ಎಲ್ಲ ಇದೆ. ಹಂಪಿ ಅಲ್ಲಿಂದ ಸುಮಾರು 13 ಕಿಲೋಮೀಟರ್. ಕಿಟಕಿಯಿಂದ ಹಂಪಿ ಕಾಣಲ್ಲ, ಒಂದು ಭಾನುವಾರದಲ್ಲಿ ಹೈದರಾಬಾದಿನಿಂದ ಹೋಗಿ ಬರೋದಕ್ಕೂ ಆಗಲ್ಲ. ನಾಲ್ಕೂ ಪ್ರಶ್ನೆಗೆ ನಿಲ್ಲೋದು ಇದೊಂದೇ.

ಮೂರನೇ ಪ್ರಶ್ನೆ ನೆನಪಿದೆಯಲ್ವಾ, ಹೊರಡುವ ರೈಲು? ವಾರಕ್ಕೆ ಎರಡೇ ದಿನ ರೈಲು ಅನ್ನೋದು ಇಲ್ಲಿ ಅನುಕೂಲಕ್ಕೇ ಬಂತು. ಬುಧವಾರ ರಾತ್ರಿ ಇಳಿದರೆ ಶುಕ್ರವಾರ ರಾತ್ರಿ ಅದೇ ರೈಲು ಮತ್ತೆ ಬರುತ್ತೆ. ಎರಡು ರಾತ್ರಿ, ಎರಡು ಪೂರ್ತಿ ಹಗಲು. ಶನಿವಾರ ಬೆಳಿಗ್ಗೆ ಗೋವಾ. ಐದು ದಿನ ಅಲ್ಲೋ ಗೋಕರ್ಣದಲ್ಲೋ ಇದ್ದು ಗುರುವಾರ ಬೆಳಿಗ್ಗೆ ವಾಪಸ್. ಮಗಳಿಗೆ ದಸರಾ ರಜೆ, ತೆಲಂಗಾಣದ ಸ್ಕೂಲುಗಳಲ್ಲಿ ಅದು ಉದ್ದವಾಗಿಯೇ ಇರುತ್ತೆ. ಮಳೆ ಮುಗಿದಿರುತ್ತೆ, ಜಲಪಾತದಲ್ಲಿ ನೀರು ಇನ್ನೂ ಇರುತ್ತೆ, ಹಂಪಿಯ ಬಿಸಿಲು ಏಪ್ರಿಲ್‌ನಷ್ಟು ಇರಲ್ಲ.

ಟಿಕೆಟ್ ವಿಷಯದಲ್ಲಿ ಮೂರು ಮಾತು.

ಮೊದಲನೆಯದು, ನಡುವೆ ಇಳಿಯುವ ನಿಯಮ. 500 ಕಿಲೋಮೀಟರಿಗಿಂತ ಹೆಚ್ಚಿನ ದೂರದ ಟಿಕೆಟ್ ಇದ್ದರೆ, 500 ಕಿಲೋಮೀಟರ್ ಪ್ರಯಾಣ ಆದ ಮೇಲೆ ಒಂದು ಕಡೆ ಇಳಿದು ಎರಡು ದಿನದವರೆಗೆ ಉಳಿಯುವ ಅವಕಾಶ ಇದೆ. ಆದರೆ ಹೊಸಪೇಟೆ 500 ಕಿಲೋಮೀಟರಿನ ಒಳಗೇ ಬರುತ್ತೆ, ಹಾಗಾಗಿ ಇಲ್ಲಿ ಉಪಯೋಗಕ್ಕೆ ಬರಲ್ಲ. ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿ. ದೂರ ಹೆಚ್ಚಾದಷ್ಟೂ ಕಿಲೋಮೀಟರಿಗೆ ದರ ಕಡಿಮೆ ಆಗೋದರಿಂದ ಎರಡು ತುಂಡು ಮಾಡಿದರೆ ಸ್ವಲ್ಪ ಹೆಚ್ಚಾಗುತ್ತೆ. ಪರವಾಗಿಲ್ಲ.

ಎರಡನೆಯದು, ಹೊಸಪೇಟೆಯಿಂದ ಹೊರಡುವ ಟಿಕೆಟ್ ಮೊದಲು ನೋಡಿ. ಅದು ಕನ್ಫರ್ಮ್ ಆದರೆ ಮಾತ್ರ ಇಳಿಯುವ ಪ್ಲಾನ್. ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತೆ, 2024ರ ನವೆಂಬರಿಗೆ ಮುಂಚೆ 120 ಇತ್ತು. ಆ ದಿನ ಬೆಳಿಗ್ಗೆ ಎಂಟಕ್ಕೆ ಮೀಟಿಂಗ್ ಇಟ್ಕೋಬೇಡಿ.

ಮೂರನೆಯದು, ಲೋವರ್ ಬರ್ತ್. ಹಿರಿಯರ ಲೋವರ್ ಬರ್ತ್ ಕೋಟಾ ಒಂದು ಟಿಕೆಟ್ಟಿನಲ್ಲಿ ಒಬ್ಬರೋ ಇಬ್ಬರೋ ಇದ್ದರೆ ಮಾತ್ರ. 60 ದಾಟಿದ ಗಂಡಸರು, 45 ದಾಟಿದ ಹೆಂಗಸರು ಅದರಲ್ಲಿ ಬರ್ತಾರೆ. ಐದೂ ಜನರನ್ನು ಒಂದೇ ಟಿಕೆಟ್ಟಿಗೆ ಸೇರಿಸಿದರೆ ಆ ಕೋಟಾ ಸಿಗಲ್ಲ. ಅಪ್ಪ-ಅಮ್ಮನಿಗೆ ಬೇರೆ ಟಿಕೆಟ್ ಮಾಡಿ, ನಿಮ್ಮದು ಬೇರೆ ಮಾಡಿ. ದರದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿದ್ದರೂ ಬರ್ತ್ ಕೋಟಾ ಇದೆ.

ಇನ್ನು ಎಲ್ಲಕ್ಕಿಂತ ಕಷ್ಟದ ಭಾಗ: ಅಪ್ಪ-ಅಮ್ಮನನ್ನು ಕೇಳೋದು.

"ಎಲ್ಲಿ ಇಳಿಯೋಣಪ್ಪಾ?" ಅಂತ ಕೇಳಿದರೆ ಬರೋ ಉತ್ತರ ನಿಮಗೂ ಗೊತ್ತು. "ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡ್ರಪ್ಪಾ, ನಮ್ಮದೇನಿದೆ." ಅಮ್ಮ ಅದಕ್ಕೆ ಸೇರಿಸೋದು, "ಸುಮ್ಮನೆ ಯಾಕೆ ಖರ್ಚು, ನೇರ ಹೋಗಿಬಿಡೋಣ." ಇದು ಉತ್ತರ ಅಲ್ಲ, ಮರ್ಯಾದೆ. ಮಗನ ಮನೆಯಲ್ಲಿ ಇದ್ದೀವಿ, ಭಾರ ಆಗಬಾರದು ಅನ್ನೋ ಸಂಕೋಚ. ಅದನ್ನೇ ಒಪ್ಪಿಗೆ ಅಂತ ತಗೊಂಡರೆ ಪ್ರವಾಸ ನಮ್ಮದಾಗುತ್ತೆ, ಅವರು ಜೊತೆಗೆ ಬಂದ ಸಾಮಾನು ಆಗ್ತಾರೆ.

ಅದಕ್ಕೆ ನಾನು ಬೇರೆ ಥರ ಕೇಳಿದೆ. "ಅಪ್ಪಾ, ನಿಲ್ಲದೆ ಎಷ್ಟು ಮೆಟ್ಟಿಲು ಹತ್ತಬಹುದು? ಇಳಿಯೋದು ಕಷ್ಟವೋ, ಹತ್ತೋದು ಕಷ್ಟವೋ?" ಲೆಕ್ಕದ ಪ್ರಶ್ನೆಗೆ ಮೇಷ್ಟ್ರು ತಪ್ಪು ಉತ್ತರ ಕೊಡಲ್ಲ. "ಇಪ್ಪತ್ತು ಆಗುತ್ತೆ, ಆಮೇಲೆ ಐದು ನಿಮಿಷ ಕೂರಬೇಕು. ಇಳಿಯೋದೇ ಕಷ್ಟ, ಹಿಡ್ಕೊಳ್ಳೋಕೆ ಕಂಬಿ ಬೇಕು" ಅಂದರು. ಅಷ್ಟು ತಿಳಿದ ಮೇಲೆ ಅರ್ಧ ಪಟ್ಟಿ ತಾನೇ ಅಳಿಸಿಹೋಯ್ತು. ಆನೆಗೊಂದಿ ಕಡೆಯ ಅಂಜನಾದ್ರಿಗೆ ಸುಮಾರು 575 ಮೆಟ್ಟಿಲು, ಬೇಡ. ಮಾತಂಗ ಬೆಟ್ಟದ ಸೂರ್ಯೋದಯ, ಬೇಡ. ಹೇಮಕೂಟ ಇಳಿಜಾರು ಬಂಡೆ, ಕೈ ಹಿಡಿದು ನಿಧಾನ ಹತ್ತಬಹುದು, ಸಂಜೆಗೆ ಸಾಕು.

ಅಮ್ಮನನ್ನು ಕೇಳಿದ್ದು, "ಯಾವ ಹೊತ್ತಿಗೆ ಊಟ ತಪ್ಪಬಾರದು?" ಅಂತ. ಮಾತು ಊಟದಿಂದ ಶುರುವಾಗಿ ಎಲ್ಲೆಲ್ಲಿಗೋ ಹೋಗಿ, ಹೈಸ್ಕೂಲಿನಲ್ಲಿದ್ದಾಗ ಹಂಪಿ ಟೂರಿಗೆ ಮನೆಯಲ್ಲಿ ಕಳಿಸಿರಲಿಲ್ಲ ಅನ್ನೋದು ಹೊರಗೆ ಬಂತು. ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಎಲ್ಲಿಗೆ ಹೋಗಬೇಕು ಅಂತ ನೇರ ಕೇಳಿದ್ದರೆ ಅದು ಬರ್ತಾನೂ ಇರಲಿಲ್ಲ.

ಪ್ರವಾಸ ಹೇಗಾಯ್ತು ಅಂತ ಚಿಕ್ಕದಾಗಿ ಹೇಳ್ತೀನಿ. ರೈಲಿನಲ್ಲಿ ಮೊದಲ ದಿನ ಹಗಲು ಎರಡು ನದಿ ದಾಟುತ್ತೀವಿ. ಗದ್ವಾಲಕ್ಕೆ ಮುಂಚೆ ಕೃಷ್ಣೆ, ಕರ್ನೂಲಿಗೆ ಮುಂಚೆ ತುಂಗಭದ್ರೆ. ಮಕ್ಕಳಿಗೆ ಆ ಸೇತುವೆ ಮೇಲೆ ಹೇಳಿ, ನಾಳೆ ಇದೇ ನದಿಯನ್ನು ಇನ್ನೂ ಮೇಲೆ, ಬಂಡೆಗಳ ನಡುವೆ ನೋಡ್ತೀವಿ ಅಂತ. ಮಾರನೇ ಬೆಳಿಗ್ಗೆ ಹಂಪಿಯ ದಡದಲ್ಲಿ "ಇದು ನಿನ್ನೆದೇನಾ?" ಅಂತ ಮಗಳೇ ಕೇಳಿದಳು. ಅವಳ ಪಾಲಿಗೆ ಕರ್ನಾಟಕ, ತೆಲಂಗಾಣ ಎರಡು ಬೇರೆ ಊರು ಅನ್ನೋದು ಅಲ್ಲಿ ಸ್ವಲ್ಪ ಕರಗಿತು.

ಹಂಪಿಯಲ್ಲಿ ಒಂದೇ ನಿಯಮ: ಬೆಳಿಗ್ಗೆ ಏಳರಿಂದ ಹನ್ನೊಂದು, ಸಂಜೆ ನಾಲ್ಕರಿಂದ ಆರು. ನಡುವೆ ಹೊಸಪೇಟೆಗೆ ವಾಪಸ್, ಊಟ, ನಿದ್ದೆ. ಮೊದಲ ದಿನ ವಿರೂಪಾಕ್ಷ, ಸಂಜೆ ಹೇಮಕೂಟ. ಎರಡನೇ ದಿನ ವಿಠ್ಠಲ ದೇವಾಲಯ. ಅಲ್ಲಿ ಪಾರ್ಕಿಂಗಿನಿಂದ ಬ್ಯಾಟರಿ ಗಾಡಿ ಇದೆ, ಹಿರಿಯರು ನಡೆಯಬೇಕಿಲ್ಲ. ಮಗಳ ಕೈಗೆ 50 ರೂಪಾಯಿ ನೋಟು ಕೊಟ್ಟು ಕಲ್ಲಿನ ರಥ ಹುಡುಕು ಅಂದರೆ ಅವಳೇ ಮುಂದೆ ಓಡಿದಳು. ಕಮಲ ಮಹಲ್, ಆನೆಲಾಯ ಸಮತಟ್ಟು ನೆಲದಲ್ಲಿವೆ. ಹಂಪಿ ಇಡೀ ನೋಡಲಿಲ್ಲ. 1986ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಆ ವಿಸ್ತಾರವನ್ನು ಎರಡು ದಿನದಲ್ಲಿ ಮುಗಿಸ್ತೀನಿ ಅನ್ನೋದೇ ಸರಿಯಲ್ಲ.

ವಿರೂಪಾಕ್ಷ ಗುಡಿಯ ಹಿಂದೆ ಒಂದು ಕತ್ತಲೆ ಕೋಣೆ ಇದೆ. ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಬಂದು ಎದುರಿನ ಗೋಡೆ ಮೇಲೆ ರಾಜಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತೆ. ಮಗಳು "ವೈ ಈಸ್ ಇಟ್ ಉಲ್ಟಾ?" ಅಂತ ಕೇಳಿದ್ದು ನನ್ನನ್ನು. ಉತ್ತರ ಕೊಟ್ಟದ್ದು ಅಪ್ಪ. ಸೂಜಿರಂಧ್ರ ಕ್ಯಾಮೆರಾ, ಬೆಳಕು ಸರಳ ರೇಖೆಯಲ್ಲಿ ಚಲಿಸುತ್ತದೆ, ಮೇಲಿನ ಕಿರಣ ಕೆಳಗೆ ಹೋಗುತ್ತದೆ, ಕೆಳಗಿನದು ಮೇಲೆ. ಮೂವತ್ತು ವರ್ಷ ಕ್ಲಾಸಿನಲ್ಲಿ ಹೇಳಿದ ಪಾಠ, ಅದೇ ದನಿ, ಪೂರ್ತಿ ಕನ್ನಡದಲ್ಲಿ. ಅವಳು ಮತ್ತೆ ಮತ್ತೆ ಕೇಳಿದಳು, ಆಮೇಲೆ ಅದನ್ನು ಅಜ್ಜಿಗೆ ಕನ್ನಡದಲ್ಲೇ ಹೇಳೋಕೆ ಹೋದಳು, ಅರ್ಧ ಬಂತು. ಹೈದರಾಬಾದಿನ ಫ್ಲ್ಯಾಟಿನಲ್ಲಿ ಟಿವಿ ಮುಂದೆ ಕೂರುವ ತಾತ ಒಬ್ಬ ಮೇಷ್ಟ್ರು ಅನ್ನೋದು ಅವಳಿಗೆ ಗೊತ್ತಾದದ್ದು ಆ ಕೋಣೆಯಲ್ಲಿ.

ಈ ಲೆಕ್ಕ ಬರೀ ನಮ್ಮ ದಾರಿಗಷ್ಟೇ ಅಲ್ಲ. ನಿಮ್ಮಲ್ಲಿ ಕೆಲವರು ಆನ್‌ಸೈಟ್‌ನಲ್ಲಿ ಇದ್ದೀರಿ, ಅಪ್ಪ-ಅಮ್ಮನನ್ನು ಕರೆಸಿಕೊಂಡು ಯುರೋಪಿನಲ್ಲಿ ರೈಲು ಹತ್ತಿಸ್ತೀರಿ. ಅಲ್ಲೂ ಇದೇ ನಾಲ್ಕು ಪ್ರಶ್ನೆ. ಜ್ಯೂರಿಕ್‌ನಿಂದ ಮಿಲಾನಿಗೆ ವೇಗದ ರೈಲು ಹಿಡಿದರೆ ಆಲ್ಪ್ಸ್ ದಾಟೋದು 57 ಕಿಲೋಮೀಟರ್ ಸುರಂಗದಲ್ಲಿ. 2016ರಲ್ಲಿ ತೆರೆದ ಗೊಥಾರ್ಡ್ ತಳ ಸುರಂಗ ಅದು. ನಮ್ಮ ರೈಲು ಘಾಟಿಯನ್ನು ರಾತ್ರಿ ಇಳಿದ ಹಾಗೆಯೇ, ಪರ್ವತ ಕಾಣೋದೇ ಇಲ್ಲ. ಹಳೇ ಮೇಲಿನ ದಾರಿಯಲ್ಲಿ ನಿಧಾನದ ರೈಲು ಇನ್ನೂ ಇದೆ. ಅದು ಸುತ್ತಿ ಸುತ್ತಿ ಹತ್ತುವಾಗ ವಾಸೆನ್ ಊರಿನ ಒಂದೇ ಚರ್ಚು ಮೂರು ಸಲ, ಮೂರು ಎತ್ತರದಲ್ಲಿ ಕಾಣುತ್ತೆ. ಬರ್ನಿನಾ ಎಕ್ಸ್‌ಪ್ರೆಸ್ಸಿಗೆ ಸೀಟು ಸಿಗಲಿಲ್ಲ ಅಂತ ಬೇಜಾರಾಗಬೇಡಿ, ಅದೇ ಹಳಿ ಮೇಲೆ ಸಾಮಾನ್ಯ ರೈಲುಗಳೂ ಓಡುತ್ತವೆ, ನೋಟ ಅದೇ. ಅದು 2,253 ಮೀಟರ್ ಎತ್ತರ ದಾಟುತ್ತೆ. ಯುಂಗ್‌ಫ್ರೌಯೋಖ್ ಸ್ಟೇಷನ್ 3,454 ಮೀಟರಿನಲ್ಲಿದೆ. ಹೃದಯದ ತೊಂದರೆ ಇರುವವರನ್ನು ಅಲ್ಲಿಗೆ ಕರ್ಕೊಂಡು ಹೋಗುವ ಮುಂಚೆ ಡಾಕ್ಟರನ್ನು ಕೇಳಿ. ಅಲ್ಲಿ ಒಂದು ಅನುಕೂಲ, ಒಂದು ರೈಲು ತಪ್ಪಿದರೆ ಬಹುತೇಕ ದಾರಿಗಳಲ್ಲಿ ಗಂಟೆಯೊಳಗೆ ಇನ್ನೊಂದು. ಒಂದು ಅನನುಕೂಲ, ಸಾಮಾನು ಎತ್ತೋಕೆ ಪೋರ್ಟರ್ ಸಿಗಲ್ಲ. ಮಗನ ಭುಜವೇ ಪೋರ್ಟರ್.

ಕೊನೆಯದಾಗಿ ವಾಪಸ್ ಬರುವ ಹಗಲಿನ ಬಗ್ಗೆ. ಕುಳೆಂನಲ್ಲಿ ರೈಲು ಸ್ವಲ್ಪ ಹೊತ್ತು ನಿಲ್ಲುತ್ತೆ. ಘಾಟಿ ಹತ್ತಿಸಲು ಹಿಂದಿನಿಂದ ತಳ್ಳುವ ಎಂಜಿನ್ನುಗಳನ್ನು ಅಲ್ಲಿ ಸೇರಿಸ್ತಾರೆ. ಮುಂದೆ ಏರು 37ಕ್ಕೆ 1, ಅಂದರೆ 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಇಡೀ ರೈಲು ನಿಧಾನ ಆಗುತ್ತೆ, ಸುರಂಗ ಒಂದಾದ ಮೇಲೆ ಒಂದು, ಆಮೇಲೆ 310 ಮೀಟರ್ ಎತ್ತರದಿಂದ ಬೀಳುವ ನೀರು ಹಳಿಯ ಪಕ್ಕದಲ್ಲೇ. ಮೇಲೆ ಕ್ಯಾಸಲ್‌ರಾಕ್, 1961ರವರೆಗೆ ಪೋರ್ಚುಗೀಸರ ಗೋವಾದ ಗಡಿಯ ಸ್ಟೇಷನ್ ಆಗಿದ್ದದ್ದು. ಬಾಗಿಲಲ್ಲಿ ನಿಂತು ವಿಡಿಯೋ ಮಾಡೋದು ಬೇಡ, ಮಕ್ಕಳನ್ನಂತೂ ಬಿಡಲೇಬೇಡಿ. ಆ ಒಂದು ಗಂಟೆ ಕಿಟಕಿ ಪಕ್ಕದ ಸೀಟುಗಳನ್ನು ಅಜ್ಜ-ಅಜ್ಜಿ, ಮಕ್ಕಳಿಗೆ ಬಿಟ್ಟುಕೊಡಿ. ಆ ಹೊತ್ತಿಗೆ ಯಾರಾದ್ರೂ ಊಟದ ಡಬ್ಬಿ ತೆಗೆದರೆ ಮಾತ್ರ ತಡೀರಿ, ನಮ್ಮಮ್ಮ ತೆಗೆದೇಬಿಟ್ಟಿದ್ದರು.

ನಿಮ್ಮ ಊರು ಬೇರೆ ಇರಬಹುದು, ದಾರಿ ಬೇರೆ ಇರಬಹುದು. ಸಕಲೇಶಪುರ ಇರಲಿ, ಶಿವಮೊಗ್ಗ ಇರಲಿ, ವಿಜಯಪುರ ಇರಲಿ. ಈ ವಾರಾಂತ್ಯ ಅಪ್ಪ-ಅಮ್ಮನಿಗೆ ಫೋನ್ ಮಾಡಿದಾಗ ಎಲ್ಲಿಗೆ ಹೋಗೋಣ ಅಂತ ಕೇಳೋದು ಬಿಟ್ಟು, ಎಷ್ಟು ಮೆಟ್ಟಿಲು ಹತ್ತುತ್ತೀರಿ ಅಂತ ಕೇಳಿ ನೋಡಿ. ಆಮೇಲೆ ವೇಳಾಪಟ್ಟಿ ತೆಗೀರಿ.